ಹಿರಿಯ ತಿಂಗಳು

ನಮ್ಮ ಆರನೆಯ ಇಯತ್ತೆಯ ಗೋಡೆಯ ಮೇಲೆ ಒಂದು ಭಿತ್ತಿಪಟವಿದೆ. ಹನ್ನೆರಡು ಇಂಗ್ಲಿಷ್ ತಿಂಗಳುಗಳಿಗೆ ಹನ್ನೆರಡು ಚೌಕಗಳು. ಒಂದೊಂದು ಚೌಕದಲ್ಲಿಯೂ ಆ ತಿಂಗಳ ರತ್ನ, ಆ ತಿಂಗಳ ಹೂವು. ಜೂನ್ ತಿಂಗಳಿಗೆ ಮುತ್ತು ಮತ್ತು ಗುಲಾಬಿ. ಇದನ್ನು ಯಾರು ತೂಗುಹಾಕಿದರೋ ನಾವರಿಯೆವು. ನಾವು ಈ ಶಾಲೆಗೆ ಬರುವ ಮೊದಲೇ ಅದು ಅಲ್ಲಿತ್ತು. ವಾಶಿಯ ಜೂನಿನಲ್ಲಿ ಗುಲಾಬಿಯ ಕುಂಡವನ್ನು ಕಿಟಕಿಯಲ್ಲಿಟ್ಟರೆ ಮೂರು ದಿನಗಳ ಜಡಿಮಳೆಗೆ ಎಸಳುಗಳು ಕೊಳೆತು ಕಂದುಬಣ್ಣದ ಮುದ್ದೆಯಾಗುವುವೆಂಬುದು ಬೇರೆಯ ಮಾತು. ಪಟವನ್ನು ಬರೆದವರು ವಿಲಾಯತಿಯ ಜೂನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರು. ಅಲ್ಲಿ ಅದು ಹೂವಿನ ತಿಂಗಳು. ಜೂನ್ ಎಂಬ ಹೆಸರೂ ರೋಮನರ ಜೂನೋ ದೇವತೆಯಿಂದ ಬಂದುದೆಂದು ಹೇಳುತ್ತಾರೆ. ಆಕೆ ವಿವಾಹದ ಅಧಿದೇವತೆ. ಆದಕಾರಣ ಜೂನಿನಲ್ಲಿ ಮದುವೆಯಾದವರಿಗೆ ಒಳ್ಳೆಯದಾಗುವುದೆಂದು ಆ ದೇಶಗಳಲ್ಲಿ ಹಳೆಯ ನಂಬಿಕೆ.

2024ನೆಯ ಇಸವಿಯಲ್ಲಿ, ಬೇಸಗೆಯ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ, ಒಬ್ಬ ಬಾಲಿಕೆ ಆ ಪಟವನ್ನು ಬಹಳ ಹೊತ್ತು ನೋಡಿ, "ಗುರುಗಳೇ, ನಮ್ಮ ತಿಂಗಳಿಗೆ ಏನೂ ಗುರುತಿಲ್ಲವೇ?" ಎಂದು ಕೇಳಿದಳು. ನಮ್ಮ ತಿಂಗಳೆಂದರೆ ಯಾವುದೆಂದು ನಾವು ತರಗತಿಗೆ ಮರುಪ್ರಶ್ನೆ ಹಾಕಿದೆವು. ಅರ್ಧ ತರಗತಿ ಖಾಲಿಯಿದ್ದಿತು. ರಜೆಗೆ ಊರಿಗೆ ಹೋದವರು ಇನ್ನೂ ಮರಳಿರಲಿಲ್ಲ. ಇದ್ದವರಲ್ಲಿ ಒಬ್ಬನು ಜೂನ್ ಎಂದನು. ಮತ್ತೊಬ್ಬನು ಮಳೆಗಾಲ ಎಂದನು. ಜ್ಯೇಷ್ಠವೆಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ, "ಕಾರಹುಣ್ಣಿವಿ ಬರ್ತದಲ್ರೀ, ಆ ತಿಂಗಳು" ಎಂಬ ಉತ್ತರ ಬಂದಿತು. ಅದಕ್ಕೆ ಪೂರ್ಣಾಂಕ ಕೊಟ್ಟೆವು. ಆ ದಿನ ಪುಸ್ತಕವನ್ನು ಮುಚ್ಚಿ ನಾವು ಹೇಳಿದುದನ್ನೂ, ಹೇಳಲಾರದೆ ಬಿಟ್ಟುದನ್ನೂ ಇಲ್ಲಿ ಬರೆದಿದ್ದೇವೆ.

ಜ್ಯೇಷ್ಠವೆಂದರೆ ಹಿರಿಯದು. ಎಣಿಕೆಯಲ್ಲಿ ಚೈತ್ರ, ವೈಶಾಖಗಳ ತರುವಾಯ ಮೂರನೆಯದಾಗಿ ಬರುವ ತಿಂಗಳಿಗೆ ಹಿರಿತನ ಹೇಗೆ ಬಂದಿತೆಂದು ನೀವು ಕೇಳಬಹುದು. ತಿಂಗಳು ತನ್ನ ಹೆಸರನ್ನು ತಾನೇ ಗಳಿಸಿದ್ದಲ್ಲ, ಆಕಾಶದಿಂದ ಕಡವಾಗಿ ಪಡೆದುದು. ಹುಣ್ಣಿಮೆಯ ಚಂದ್ರನು ಯಾವ ನಕ್ಷತ್ರದ ನೆರೆಯಲ್ಲಿ ತೋರುವನೋ ಆ ನಕ್ಷತ್ರದ ಹೆಸರು ತಿಂಗಳಿಗೆ: ಚಿತ್ರೆಯಿಂದ ಚೈತ್ರ, ವಿಶಾಖೆಯಿಂದ ವೈಶಾಖ, ಜ್ಯೇಷ್ಠೆಯಿಂದ ಜ್ಯೇಷ್ಠ. ವೃಶ್ಚಿಕರಾಶಿಯ ಚೇಳಿನ ಎದೆಯಲ್ಲಿ ಕೆಂಡದ ಚೂರಿನಂತೆ ಹೊಳೆಯುವ ಕೆಂಪು ತಾರೆಯೇ ಜ್ಯೇಷ್ಠೆ. ಪಾಶ್ಚಾತ್ಯರು ಅದನ್ನು ಆಂಟೇರಿಸ್ ಎನ್ನುತ್ತಾರೆ. ಮಂಗಳಗ್ರಹಕ್ಕೆ ಬಣ್ಣದಲ್ಲಿ ಸರಿಸಾಟಿ, ಅದರ ಪ್ರತಿಸ್ಪರ್ಧಿ ಎಂದು ಆ ಮಾತಿನ ಅರ್ಥ. ಅದು ಎಷ್ಟು ದೊಡ್ಡದೆಂದರೆ ನಮ್ಮ ಸೂರ್ಯನ ಜಾಗದಲ್ಲಿ ಅದನ್ನು ತಂದಿಟ್ಟರೆ ಭೂಮಿಯೂ ಮಂಗಳನ ಕಕ್ಷೆಯೂ ಅದರ ಹೊಟ್ಟೆಯೊಳಗೆ ಅಡಗುವುವು. ದೂರ ಸುಮಾರು 550 ಜ್ಯೋತಿರ್ವರ್ಷ. ಎಂದರೆ, ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟಾಗ ಹಂಪೆಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದರು. ಅಷ್ಟು ದೂರದಿಂದ ಬಂದ ಬೆಳಕನ್ನು ಜ್ಯೇಷ್ಠದ ಹುಣ್ಣಿಮೆಯಂದೇ ಮುಂಬಯಿಯ ಮೋಡಗಳು ತಡೆದು ನಿಲ್ಲಿಸುತ್ತವೆಂಬುದು ನಮ್ಮ ದುರದೃಷ್ಟ. ಮೇ ತಿಂಗಳ ಮೊದಲ ವಾರಗಳಲ್ಲಿ ರಾತ್ರಿ ಹತ್ತು ಗಂಟೆಯ ಬಳಿಕ ಆಗ್ನೇಯ ದಿಕ್ಕಿಗೆ ಮುಖಮಾಡಿ ಮೇಲ್ಮಾಳಿಗೆಯಲ್ಲಿ ನಿಂತರೆ ಅದು ಕಾಣಿಸುವುದು. ನಗರದ ದೀಪಗಳು ಎಷ್ಟೇ ಉರಿಯಲಿ, ಇದನ್ನು ನುಂಗಲಾರವು.

ವೇದಕಾಲದಲ್ಲಿ ಈ ತಿಂಗಳಿಗೆ ಶುಕ್ರವೆಂದೂ ಮುಂದಿನ ಆಷಾಢಕ್ಕೆ ಶುಚಿಯೆಂದೂ ಹೆಸರಿದ್ದಿತು. ಎರಡೂ ಕೂಡಿ ಗ್ರೀಷ್ಮ ಋತು. ಭಾರತ ಸರಕಾರವು 1957ನೆಯ ಇಸವಿಯ ಮಾರ್ಚ್ 22ರಿಂದ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗದಲ್ಲಿ ಜ್ಯೇಷ್ಠವು ಪ್ರತಿವರ್ಷವೂ ತಪ್ಪದೆ ಮೇ 22ಕ್ಕೆ ಆರಂಭವಾಗಿ ಮೂವತ್ತೊಂದು ದಿನ ನಡೆಯುವುದು. ನಮ್ಮ ಮನೆಗಳ ಚಾಂದ್ರಮಾನದ ಜ್ಯೇಷ್ಠ ಹಾಗಲ್ಲ. ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಆ ಕೊರತೆಯನ್ನು ತುಂಬಲು ಮೂರು ವರ್ಷಕ್ಕೊಮ್ಮೆ ಎಂಬಂತೆ ಒಂದು ಅಧಿಕಮಾಸ ಬರುವುದು. 2007, 2018, 2026, ಈ ಮೂರು ಇಸವಿಗಳಲ್ಲಿ ಆ ಅಧಿಕವು ಜ್ಯೇಷ್ಠಕ್ಕೇ ಬಿದ್ದಿದೆ. ಅಧಿಕದಲ್ಲಿ ನಮ್ಮ ಮರಾಠಿ ನೆರೆಯವರು ಅಳಿಯನನ್ನು ಕರೆಸಿ ಮೂವತ್ತಮೂರು ಅನಾರಸಗಳನ್ನು ಕೊಡುವರು. ನಮ್ಮ ಕಡೆಯ ಅತ್ತಿಗೆಯಂದಿರಿಗೂ ಅತ್ತೆಯಂದಿರಿಗೂ ಈ ವಾಡಿಕೆ ಏಕೆ ತಿಳಿಯಲಿಲ್ಲವೋ!

ಹಿರಿತನಕ್ಕೆ ಸಲ್ಲುವ ಗೌರವದೊಡನೆ ಹಿರಿತನದ ತೊಡಕುಗಳೂ ಈ ತಿಂಗಳಿಗಿವೆ. ಚೊಚ್ಚಲ ಮಗನಿಗೂ ಚೊಚ್ಚಲ ಮಗಳಿಗೂ ಜ್ಯೇಷ್ಠದಲ್ಲಿ ಮದುವೆ ಮಾಡಬಾರದೆಂದು ಹಳಬರು ಹೇಳುತ್ತಾರೆ. ಮೂರು ಹಿರಿತನಗಳು ಒಂದೆಡೆ ಸೇರಿದರೆ ಅದಕ್ಕೆ ತ್ರಿಜ್ಯೇಷ್ಠವೆಂದು ಹೆಸರು. ಜೂನೋ ದೇವತೆಯ ನಾಡಿನವರು ಹುಡುಕಿಕೊಂಡು ಹೋಗುವ ತಿಂಗಳನ್ನು ನಮ್ಮ ಹಳಬರು ಹಿರಿಯ ಮಕ್ಕಳಿಗಾಗಿ ದೂರವಿಟ್ಟರು. ಜ್ಯೇಷ್ಠಾದೇವಿ ಎಂಬವಳೊಬ್ಬಳು ಪುರಾಣದಲ್ಲಿದ್ದಾಳೆ. ಲಕ್ಷ್ಮಿಗೆ ಅಕ್ಕ, ದಾರಿದ್ರ್ಯದ ದೇವತೆ. ಬಾವುಟದ ಮೇಲೆ ಕಾಗೆ, ವಾಹನ ಕತ್ತೆ, ಕೈಯಲ್ಲಿ ಕಸಬರಿಗೆ. ದಕ್ಷಿಣದ ಹಳೆಯ ದೇವಾಲಯಗಳಲ್ಲಿ ಅವಳ ಶಿಲ್ಪಗಳಿವೆ. ಕಸಬರಿಗೆ ಹಿಡಿದವಳನ್ನು ದಾರಿದ್ರ್ಯವೆಂದು ಕರೆದುದು ನಮಗೆ ಒಪ್ಪಿಗೆಯಾಗದು. ನಿಮ್ಮಲ್ಲಿ ಕೆಲವರ ತಾಯಂದಿರು ಬೆಳಗಿನ ಜಾವಕ್ಕೆ ಎದ್ದು ಅದೇ ಕಸಬರಿಗೆಯಿಂದ ಈ ನಗರವನ್ನು ಗುಡಿಸಿ, ಅದರಿಂದ ಬಂದ ಹಣದಲ್ಲಿ ನಿಮ್ಮ ಪಾಟಿಚೀಲವನ್ನು ಕೊಂಡಿದ್ದಾರೆ.

ಪುಸ್ತಕದ ಗುರುತುಗಳು ಇಷ್ಟಾದುವು. ವಾಶಿಗೂ ತನ್ನದೇ ಆದ ಜ್ಯೇಷ್ಠದ ಗುರುತುಗಳುಂಟು. ಪಂಚಾಂಗವಿಲ್ಲದೆಯೂ ಅವುಗಳಿಂದ ತಿಂಗಳನ್ನು ತಿಳಿಯಬಹುದು. ಮಾನಖುರ್ದದಿಂದ ಬರುವ ರೈಲು ಖಾಡಿಯ ಸೇತುವೆಯ ಮೇಲೆ ಬಂದಾಗ ಬಾಗಿಲಲ್ಲಿ ನಿಂತವರು ಒಮ್ಮೆ ಕೆಸರಿನತ್ತ ನೋಡಿರಿ. ಚಳಿಗಾಲದಿಂದ ಅಲ್ಲಿ ಗುಲಾಬಿ ಬಣ್ಣದ ಪಟ್ಟೆಯೆಳೆದಂತೆ ನಿಂತಿದ್ದ ರಾಜಹಂಸಗಳು ಮೇ ಕಳೆಯುತ್ತಿರುವಂತೆ ಗುಂಪುಗುಂಪಾಗಿ ಮರೆಯಾಗುವುವು. ಅವು ಮರಿಮಾಡುವ ಸ್ಥಳ ಗುಜರಾತದ ಕಚ್ಛದ ರಣ. ಆ ಬಣ್ಣವೂ ಅವುಗಳ ಹುಟ್ಟುಬಣ್ಣವಲ್ಲ. ಕೆಸರಿನ ಪಾಚಿಯನ್ನೂ ಸಣ್ಣ ಸಿಗಡಿಜಾತಿಯ ಜೀವಿಗಳನ್ನೂ ತಿಂದು ಬಂದುದು. ಭಿತ್ತಿಪಟದ ಗುಲಾಬಿಯನ್ನು ನಾವು ವಾಶಿಯಲ್ಲಿ ಕಂಡುದಾದರೆ ಈ ಹಕ್ಕಿಗಳಲ್ಲಿಯೇ, ಅದೂ ಜೂನ್ ಬರುವ ಮೊದಲು. ಠಾಣೆ ಖಾಡಿಯನ್ನು 2015ರಲ್ಲಿ ಇವುಗಳಿಗಾಗಿ ಅಭಯಾರಣ್ಯವೆಂದು ಸಾರಿದರು; 2022ರಲ್ಲಿ ಅದು ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೂ ಸೇರಿತು. ಹಕ್ಕಿಗಳು ಹೋದ ಬೆನ್ನಿಗೆ ದೋಣಿಗಳು ದಡ ಸೇರುವುವು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ, ಮೀನು ಮೊಟ್ಟೆಯಿಡುವ ಕಾಲ. ಕರಾವಳಿಯ ಮಕ್ಕಳಿಗೆ ಇದು ಹೊಸದಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ 24ರ ಸುಮಾರಿಗೆ ಬರುವುದು. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುವು, ಭೂತಕೋಲಗಳು ನಿಲ್ಲುವುವು. ಕಡಲಿಗೂ ಕಲೆಗೂ ದೈವಕ್ಕೂ ಒಮ್ಮೆಲೇ ರಜೆ.

ಇನ್ನೊಂದು ಗುರುತು ಎ.ಪಿ.ಎಂ.ಸಿ. ಹಣ್ಣಿನ ಪೇಟೆಯಲ್ಲಿ. ಕೊಂಕಣದ ಹಾಪೂಸು ಮಾರ್ಚಿಯಿಂದ ಮೇ ತನಕ ಅಲ್ಲಿ ರಾಜ್ಯವಾಳಿ, ಮಳೆಯ ವಾಸನೆ ಬಂದೊಡನೆ ಸಿಂಹಾಸನದಿಂದಿಳಿಯುವುದು. ನಮ್ಮ ಧಾರವಾಡದ ಆಪೂಸೂ ಲಾರಿ ಹತ್ತಿ ಇಲ್ಲಿಗೆ ಬರುವುದುಂಟು. ಆದರೆ 2018ರಲ್ಲಿ ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲಘರ ಜಿಲ್ಲೆಗಳ ಹಣ್ಣಿಗೆ ಭೌಗೋಳಿಕ ಸೂಚಿಕೆ ದೊರೆತ ಮೇಲೆ ಹಾಪೂಸೆಂಬ ಹೆಸರು ಆ ಐದು ಜಿಲ್ಲೆಗಳಿಗೇ ಮೀಸಲು. ನಮ್ಮ ಹಣ್ಣು ಅದೇ ಸಿಪ್ಪೆ, ಅದೇ ಜಾತಿ ಹೊತ್ತುಕೊಂಡು ಬಂದರೂ ಕರ್ನಾಟಕದ ಮಾವು ಎಂದೇ ಅನ್ನಿಸಿಕೊಂಡು ಕೆಲವು ರೂಪಾಯಿ ಕಡಿಮೆಗೆ ಮಾರಿಹೋಗುವುದು. ಕಾನೂನು ನ್ಯಾಯವಾದದ್ದೇ, ಬೆಳೆದವನ ಹೆಸರು ಬೆಳೆದವನಿಗೆ. ಆದರೂ ಗಾಡಿಯ ಮುಂದೆ ನಿಂತು ನಾವು ಆ ಹಣ್ಣನ್ನೇ ಕೊಳ್ಳುತ್ತೇವೆ. ಮಾರುವವನು ನಮ್ಮ ಮರಾಠಿಯನ್ನು ಕೇಳಿದೊಡನೆ ನಾವೂ ಯಾವ ಕಡೆಯ ಲಾರಿಯಲ್ಲಿ ಬಂದವರೆಂದು ಅರಿತು ನಗುತ್ತಾನೆ.

ಮಳೆಯ ಮಾತು ಬಂದಿತು. ನಮ್ಮ ರೈತರು ಮಳೆಯನ್ನು ತಾರೀಖಿನಿಂದ ಎಣಿಸುವುದಿಲ್ಲ, ಸೂರ್ಯನು ನಿಂತ ನಕ್ಷತ್ರದಿಂದ ಎಣಿಸುತ್ತಾರೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 7 ಅಥವಾ 8ಕ್ಕೆ ಮೃಗಶಿರಾ, 21 ಅಥವಾ 22ಕ್ಕೆ ಆರಿದ್ರಾ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ನಿಮ್ಮ ಅಜ್ಜಂದಿರಿಂದ ಕೇಳಿರಬಹುದು. ಕೇಳಿರದಿದ್ದರೆ ಈ ಸಲ ಊರಿಗೆ ಹೋದಾಗ ಕೇಳಿರಿ. ಇಪ್ಪತ್ತೇಳು ನಕ್ಷತ್ರಗಳಲ್ಲಿ ಮಳೆಯವಕ್ಕೆಲ್ಲ ಅವರ ಬಳಿ ಒಂದೊಂದು ಗಾದೆಯಿದೆ, ಅವರ ತರುವಾಯ ಅವು ಇರುತ್ತವೆಂಬ ಭರವಸೆ ನಮಗಿಲ್ಲ. ಮಹಾರಾಷ್ಟ್ರದ ರೈತರೂ ಮೃಗವನ್ನೇ ಕಾಯುವವರು. ಆ ಮೊದಲ ಮಳೆಗೆ ನೆಲದಿಂದ ಮಖಮಲ್ಲಿನ ಗುಂಡಿಯಂತಹ ಕೆಂಪು ಹುಳುಗಳು ಹೊರಬರುವುವು. ಅವರು ಅವನ್ನು ಮೃಗದ ಹುಳುವೆಂದೇ ಕರೆಯುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಗೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಅದು ಮೇ 26ಕ್ಕೇ ಬಂದಿಳಿಯಿತು. 1950ರಿಂದೀಚೆಗೆ ಅಷ್ಟು ಬೇಗ ಬಂದುದಿಲ್ಲವಂತೆ. ಪುಸ್ತಕದ ಗ್ರೀಷ್ಮ ಇನ್ನೂ ಆರಂಭದಲ್ಲಿಯೇ ಇದ್ದಾಗ ವಾಶಿಯ ಮಕ್ಕಳು ಕೊಡೆ ಹಿಡಿದಿದ್ದರು.

ಈಗ ಹುಣ್ಣಿಮೆಗೆ ಬರೋಣ. ಜ್ಯೇಷ್ಠದ ಹುಣ್ಣಿಮೆ ವಾಶಿಯಲ್ಲಿ ವಟಪೂರ್ಣಿಮೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಯುಧಿಷ್ಠಿರನಿಗೆ ಹೇಳುವ ಸಾವಿತ್ರಿಯ ಕಥೆ ನಿಮಗೆ ತಿಳಿದೇ ಇದೆ. ಯಮನೊಡನೆ ನಡೆಯುತ್ತ, ನಡೆಯುತ್ತ, ಮಾತಿನಲ್ಲಿಯೇ ಅವನನ್ನು ಗೆದ್ದು ಪತಿಯ ಪ್ರಾಣವನ್ನು ಮರಳಿ ತಂದವಳು. ಅಂದು ಬೆಳಿಗ್ಗೆ ಜರಿಯ ಸೀರೆಯುಟ್ಟ ಸ್ತ್ರೀಯರು ಉದ್ಯಾನದ ಆಲದ ಮರಕ್ಕೆ ಬಿಳಿಯ ನೂಲು ಸುತ್ತುತ್ತಾರೆ. ಸಂಜೆಗೆ ಮರ ನೂಲಿನ ಲಡಿಯಂತೆ ಕಾಣುವುದು. ಮರ ದೂರವಿರುವವರು ಪೇಟೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಆಲದ ಟೊಂಗೆಯನ್ನು ಕೊಂಡುತಂದು ಮನೆಯಲ್ಲಿಯೇ ಪೂಜಿಸುವುದೂ ಉಂಟು. ಆಯುಷ್ಯವನ್ನು ಬೇಡುವುದಕ್ಕಾಗಿ ಮರದ ಕೊಂಬೆಯನ್ನು ಕಡಿಯುವ ಈ ಪದ್ಧತಿ ನಮಗೆ ಹಿಡಿಸದು. ಸಾವಿತ್ರಿ ಇದ್ದಿದ್ದರೆ ಟೊಂಗೆಯ ಪರವಾಗಿಯೂ ಯಮನೊಡನೆ ನಾಲ್ಕು ಮಾತು ವಾದಿಸುತ್ತಿದ್ದಳು.

ಅದೇ ಹುಣ್ಣಿಮೆ ನಮ್ಮ ಕಡೆ ಕಾರಹುಣ್ಣಿಮೆ. ನಾವು ಭೀಮಾತೀರದವರು, ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಎರೆನೆಲದಲ್ಲಿ ಬೆಳೆದವರು. ನಮ್ಮಲ್ಲಿ ಈ ದಿನ ಮನುಷ್ಯರ ಹಬ್ಬವಲ್ಲ, ಎತ್ತಿನ ಹಬ್ಬ. ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಮೈ ತೊಳೆದು, ಹುಗ್ಗಿ ಮಾಡಿ ಮೊದಲು ಅವಕ್ಕೆ ಉಣಿಸಿ ಬಳಿಕ ಮನೆಯವರು ಉಣ್ಣುವರು. ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಅರಿಸಿನ, ತತ್ತಿ ಕಲಸಿ ಎತ್ತಿನ ಬಾಯಿಗೆ ಹೊಯ್ಯುವರು. ಎತ್ತಿಗೆ ಅದು ಹಿಡಿಸುವುದೋ ಇಲ್ಲವೋ ಕೇಳಿದವರಿಲ್ಲ. ಹುಣ್ಣಿಮೆಯ ದಿನ ಕೋಡುಗಳನ್ನು ಹೆರೆದು ಬಣ್ಣ ಬಳಿಯುವುದು, ಮೈಮೇಲೆ ಹುರಮಂಜಿನ ಮುದ್ರೆಯೊತ್ತುವುದು. ಹುರಮಂಜು ಎಂಬ ಈ ಕೆಮ್ಮಣ್ಣಿನ ಹೆಸರಿನಲ್ಲಿ ಪಾರಸೀ ಕೊಲ್ಲಿಯ ಹೊರ್ಮುಜ್ ದ್ವೀಪದ ಹೆಸರು ಅಡಗಿದೆ. ಒಂದು ಕಾಲಕ್ಕೆ ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದ ಮಣ್ಣು ಭೀಮೆಯ ದಡದ ಎತ್ತಿನ ಬೆನ್ನಿಗೆ ಬಂದು ಸೇರಿತು. ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲು. ಎಲ್ಲಕ್ಕೂ ಮಿಗಿಲಾಗಿ ಕೋಡಿಗೆ ಕೋಡುಬಳೆ! ಆ ತಿಂಡಿಗೆ ಆ ಹೆಸರು ಏಕೆಂದು ಪೇಟೆಯಲ್ಲಿ ಪೊಟ್ಟಣ ಕೊಂಡು ತಿನ್ನುವ ನಿಮಗೆ ಹೊಳೆಯದಿದ್ದರೆ ತಪ್ಪು ನಿಮ್ಮದಲ್ಲ. ನಾವು ಚಿಕ್ಕವರಿದ್ದಾಗ ಎತ್ತಿನ ಕೋಡಿನಿಂದ ಅದನ್ನು ಎಗರಿಸಿ ತಿನ್ನಲು ಹೋಗಿ ಒಮ್ಮೆ ಗೋದಲಿಗೆ ಬಿದ್ದಿದ್ದೇವೆ.

ಸಂಜೆ ಕರಿ ಹರಿಯುವುದು. ಊರ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪನ್ನೂ ಕೊಬ್ಬರಿಯ ಬಟ್ಟಲುಗಳನ್ನೂ ಕಟ್ಟಿದ ಹಗ್ಗವನ್ನು ಬಿಗಿಯುವರು. ಅದೇ ಕರಿ. ಹಲಗೆಯ ಸದ್ದಿಗೆ ಎತ್ತುಗಳನ್ನು ಹೊಲದ ಕಡೆಯಿಂದ ಓಡಿಸುವರು. ಮೊದಲು ಬಂದು ಕರಿ ಹರಿದ ಎತ್ತು ಯಾವ ಬಣ್ಣದ್ದೋ ಅದರ ಮೇಲೆ ವರ್ಷದ ಬೆಳೆ. ನಮ್ಮೂರ ಕಟ್ಟಳೆಯಂತೆ ಕೆಂದ ಹರಿದರೆ ಮುಂಗಾರಿ ಚೆನ್ನು. ಬಿಳಿಯದು ಹರಿದರೆ ಹಿಂಗಾರಿ, ಎಂದರೆ ಬಿಳಿಜೋಳ ಚೆನ್ನು. ಗಡಿಯಾಚೆ ಸಾಂಗಲಿ, ಕೊಲ್ಹಾಪುರಗಳ ಕಡೆಗೂ ಈ ಹುಣ್ಣಿಮೆಯಂದು ಎತ್ತಿನ ಹಬ್ಬ ನಡೆಯುವುದು. ಮರಾಠಿಗರು ತಮ್ಮ ಬೇಂದೂರವನ್ನು ಆಷಾಢದಲ್ಲಿ ಮಾಡುತ್ತಾರೆ. ಜ್ಯೇಷ್ಠದ್ದಕ್ಕೆ ಅವರು ಇಟ್ಟ ಹೆಸರು ಕರ್ನಾಟಕಿ ಬೇಂದೂರ. ನಾವು ಮಹಾರಾಷ್ಟ್ರಕ್ಕೆ ಬಂದ ಹೊಸದರಲ್ಲಿ ಈ ಮಾತನ್ನು ಒಬ್ಬ ಸಹೋದ್ಯೋಗಿಯ ಬಾಯಿಂದ ಕೇಳಿ, ನಮಗಿಂತ ಮೊದಲೇ ನಮ್ಮ ಎತ್ತುಗಳು ಗಡಿ ದಾಟಿ ಹೆಸರು ಗಳಿಸಿವೆಯೆಂದು ಸಂತೋಷಪಟ್ಟೆವು.

2003ನೆಯ ಇಸವಿಯಲ್ಲಿ ನಮ್ಮೂರ ಕರಿ ಹರಿದುದು ನಮ್ಮ ಮನೆಯ ಬಿಳಿ ಎತ್ತು. ಎರಡು ವರ್ಷ ಬರದಲ್ಲಿ ಕಳೆದು ಮೂರನೆಯ ವರ್ಷಕ್ಕೆ ಕಾಲಿಟ್ಟ ಊರು ಆ ಎತ್ತಿನ ಕೊರಳಿಗೆ ಬಿದ್ದು ಅತ್ತಿತೆಂದರೆ ಅತಿಶಯೋಕ್ತಿಯಲ್ಲ. ಹಿಂಗಾರಿ ಚೆನ್ನು, ಬಿಳಿಜೋಳ ಬರುವುದು ಎಂದು ಮುದುಕರು ಕರಿಯ ಕೊಬ್ಬರಿಯನ್ನು ನಮಗೂ ಹಂಚಿದರು. ಹಿಂಗಾರಿ ಬರಲಿಲ್ಲ. ಬಿತ್ತಿದ ಬೀಜ ಮೊಳೆಯದೆ ಹೋಯಿತು. ಚಳಿಗಾಲದ ಸಂತೆಯಲ್ಲಿ ತಂದೆಯವರು ಜೋಡೆತ್ತನ್ನು ಮಾರಿ ಬಂದರು. ಕೈಯಲ್ಲಿ ಗೆಜ್ಜೆಸರ ಮಾತ್ರ ಇದ್ದಿತು. ಕರಿಯ ಭವಿಷ್ಯ ಸುಳ್ಳೆಂದು ಅಂದು ನಮಗೆ ತಿಳಿಯಿತು. ಆದರೆ ತಂದೆಯವರು ಒಮ್ಮೆಯೂ ಎತ್ತನ್ನು ಸುಳ್ಳುಗಾರನೆನ್ನಲಿಲ್ಲ. ಮಳೆ ತಪ್ಪಿತು, ಎತ್ತೇನು ಮಾಡೀತು ಎನ್ನುತ್ತಿದ್ದರು. ಆಮೇಲೆ ನಾವು ಓದಿದೆವು, ಊರು ಬಿಟ್ಟೆವು. ಈಗ ನಮ್ಮೂರಲ್ಲಿ ಬಿತ್ತನೆಗೆ ಟ್ರ್ಯಾಕ್ಟರೇ ಹೆಚ್ಚು. ಕರಿಗೆ ಓಡಲು ಎತ್ತುಗಳನ್ನು ಎಣಿಸಿ ತರಬೇಕು.

2024ರಲ್ಲಿ ಕಾರಹುಣ್ಣಿಮೆ ಬಂದುದು ಜೂನ್ 21ಕ್ಕೆ, ವರ್ಷದ ಅತಿ ದೀರ್ಘವಾದ ಹಗಲಿನಂದು. ಹುಣ್ಣಿಮೆಯೂ ಅತಿ ದೀರ್ಘ ಹಗಲೂ ಒಂದೇ ದಿನ ಕೂಡುವುದು ಅಪರೂಪ. ಆ ದಿನ ಯೋಗದಿನವೂ ಆದುದರಿಂದ ಬೆಳಿಗ್ಗೆ ಶಾಲೆಯ ಸಭಾಗೃಹದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಉಸಿರು ಎಣಿಸುವುದನ್ನು ಹೇಳಿಕೊಟ್ಟೆವು. ಆದರೆ ನಾವು ಮನಸ್ಸಿನಲ್ಲಿ ಎಣಿಸುತ್ತಿದ್ದುದು ಬಾರದ ಮಕ್ಕಳನ್ನು. ಕನ್ನಡ ಶಾಲೆಯ ಗುರುಗಳಿಗೆ ಜೂನ್ ಎಂದರೆ ಹಾಜರಿಯ ತಿಂಗಳು. ಸಂಖ್ಯೆ ಇಳಿದರೆ ತುಕಡಿ ಹೋಗುವುದು, ತುಕಡಿ ಹೋದರೆ ಒಂದು ದಿನ ಶಾಲೆಯೂ ಹೋದೀತೆಂಬ ಹೆದರಿಕೆ ನಮ್ಮ ಬೆನ್ನಿಗಂಟಿದೆ. ಕರ್ನಾಟಕದಲ್ಲಿ ಶಾಲೆಗಳು ಜೂನ್ ಆರಂಭಕ್ಕೇ ತೆರೆಯುತ್ತವೆ, ಇಲ್ಲಿ ನಡುವಿಗೆ. ಊರಿಗೆ ಹೋದವರಲ್ಲಿ ಕೆಲವರು ಅಲ್ಲಿಯೇ ಹೆಸರು ಹಚ್ಚಿಸಿ ಉಳಿದುಬಿಡುವರು. ಕೆಲವರು ಬಿತ್ತನೆ ಮುಗಿಸಿ ಬರುವರು. ಕೆಲವರು ಬಂದರೂ ಹತ್ತಿರದ ಇಂಗ್ಲಿಷ್ ಶಾಲೆಯ ಬಾಗಿಲಿಗೆ ಹೋಗುವರು.

ಹೀಗೆ ಬಾರದವರಲ್ಲಿ ಅಫಜಲಪುರ ತಾಲೂಕಿನ ಒಬ್ಬ ಹುಡುಗನಿದ್ದನು. ತಂದೆ ಇಲ್ಲಿ ಕಟ್ಟಡದ ಗೌಂಡಿ. ಅಜ್ಜನೊಬ್ಬನೇ ಊರಲ್ಲಿ ಎರಡೆಕರೆ ನೋಡಿಕೊಂಡಿದ್ದನು. ಹುಡುಗ ಜುಲೈ 1ಕ್ಕೆ ತರಗತಿಯ ಬಾಗಿಲಲ್ಲಿ ನಿಂತಾಗ ಅವನ ಬೆರಳುಗಳಲ್ಲಿ ಹಸಿರು ಎಣ್ಣೆಬಣ್ಣ ಇನ್ನೂ ಹೋಗಿರಲಿಲ್ಲ. ಎರಡು ವಾರದ ಸಿಟ್ಟನ್ನೆಲ್ಲ ನಾವು ಅವನ ಮೇಲೆ ಸುರಿದೆವು. ನಿನಗೆ ಹಬ್ಬ ದೊಡ್ಡದೋ, ಪಾಠ ದೊಡ್ಡದೋ ಎಂದೆವು. ಎತ್ತು ನೋಡಿಕೊಂಡು ಅಲ್ಲಿಯೇ ಇರಬಾರದಿತ್ತೇ ಎಂದೂ ಅಂದುಬಿಟ್ಟೆವು. ಅವನು ತಲೆಯೆತ್ತದೆ, "ಇದss ಕಡೀ ಕರಿ ಇತ್ರೀ ಸರ. ಮುತ್ಯಾಗ ನೀಗಂಗಿಲ್ಲ, ಎತ್ತ ಮಾರತಾರ" ಎಂದನು. ಮುತ್ಯಾ ಎಂದರೆ ಅಜ್ಜ.

ನಾವು ಹಾಜರಿ ಪುಸ್ತಕವನ್ನು ತೆರೆದು ಅವನ ಹೆಸರಿನ ಮುಂದೆ ಗುರುತು ಹಾಕಿದೆವು. ಬೇರೆ ಏನನ್ನೂ ಹೇಳಲು ತೋಚಲಿಲ್ಲ. ಯಾವ ಬಣ್ಣದ್ದು ಹರಿಯಿತೆಂದು ಕೇಳಬೇಕೆಂದು ಬಾಯಿಗೆ ಬಂದುದನ್ನು ತಡೆದುಕೊಂಡೆವು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೇಳಿಯೇಬಿಟ್ಟೆವು. ಕೆಂದ ಹರಿಯಿತಂತೆ, ಅವರದು ಮೂರನೆಯದಾಗಿ ಬಂದಿತಂತೆ. ಮೂರನೆಯದೆಂದು ಹೇಳುವಾಗ ಅವನ ಮುಖದಲ್ಲಿ ಅಂದು ಮೊದಲ ಬಾರಿಗೆ ನಗೆ ಕಂಡಿತು.

ಆ ವಾರವೇ, ಜುಲೈ 5ರಂದು, ಜ್ಯೇಷ್ಠದ ಕೊನೆಯ ದಿನ, ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆಯಲ್ಲಿ ದುಡಿಯುವ ಎತ್ತಿಗೆ ಪೂಜೆಯಾದರೆ ಹದಿನೈದು ದಿನಕ್ಕೆ ಮಣ್ಣಿನ ಎತ್ತಿಗೆ ಪೂಜೆ. ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮೂರ್ತಿಗಳ ಪೂಜೆ ಇಲ್ಲಿಂದ ಮೊದಲಾಗಿ, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪತಿ ಎಂದು ಮುಂದುವರಿಯುವುದು. ಎತ್ತಿಲ್ಲದ ಮನೆಯವರೂ ಅಂದು ಜೋಡೆತ್ತಿನ ಒಡೆಯರು. ತರಗತಿಯಲ್ಲಿ ಎತ್ತು ಮಾಡೋಣವೆಂದು ನಾವೇ ಸೂಚಿಸಿದೆವು. ಮಣ್ಣು? ವಾಶಿಯಲ್ಲಿ ಸಿಮೆಂಟಿದೆ, ಡಾಂಬರಿದೆ, ಕುಂಡದಲ್ಲಿ ಕೊಂಡುತಂದ ಗೊಬ್ಬರವಿದೆ. ಎತ್ತು ಮಾಡುವ ಜೇಡಿಮಣ್ಣು ಎಲ್ಲಿ? ಮರುದಿನ ಅದೇ ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ಬೂದುಗಪ್ಪು ಮಣ್ಣಿನ ಮುದ್ದೆಯನ್ನು ಹೊತ್ತು ತಂದನು. ತಂದೆ ದುಡಿಯುವಲ್ಲಿ ಕಟ್ಟಡದ ಪಾಯಕ್ಕೆ ಆಳವಾಗಿ ತೋಡಿದಾಗ ಬಂದದ್ದು. ಈ ನಗರದ ಅಡಿಯಲ್ಲಿ ಹಲವೆಡೆ ಖಾಡಿಯ ಕೆಸರೇ ಮಲಗಿದೆಯೆಂಬುದನ್ನು ಭೂಗೋಲದ ಪಾಠದಲ್ಲಿ ಹೇಳಿದ್ದೆವು. ಮುಟ್ಟಿ ನೋಡಿದುದು ಅಂದೇ. ಬೆಣ್ಣೆಯಂತಹ ನುಣುಪು, ಸ್ವಲ್ಪ ಮೀನಿನ ವಾಸನೆ.

ಹದಿನೇಳು ಎತ್ತುಗಳಾದುವು. ಕೆಲವು ಎತ್ತಿನಂತಿದ್ದುವು, ಕೆಲವು ಆಮೆಯಂತೆ. ಒಂದಕ್ಕೆ ಕರಾವಳಿಯ ಒಬ್ಬ ಹುಡುಗಿ ಕಂಬಳದ ಕೋಣವೆಂದು ಹೆಸರಿಟ್ಟಳು. ಕೋಡಿಗೆ ಸಣ್ಣ ಕೋಡುಬಳೆಗಳನ್ನು ಸಿಕ್ಕಿಸಿದೆವು. ಪೂಜೆಯೆಂದು ಹೆಚ್ಚೇನೂ ಇಲ್ಲ, ಎರಡು ಕಾಳು ಅಕ್ಕಿ, ಬೆಲ್ಲ. ಆ ಮೇಲೆ ಅವನ್ನು ಒಣಗಲೆಂದು ಕಪಾಟಿನ ಮೇಲಿಟ್ಟೆವು. ಆಷಾಢದ ತೇವಕ್ಕೆ ಅವು ಎರಡು ವಾರ ಹಸಿಯಾಗಿಯೇ ಇದ್ದು ತಿಂಗಳ ಕೊನೆಗೆ ನಿಧಾನವಾಗಿ ಆರಿದುವು. ಆರುತ್ತ ಆರುತ್ತ ಮೈಮೇಲೆ ಬಿಳಿಯ ಪುಡಿ ಮೂಡಿತು. ಬೂಷ್ಟೆಂದು ನಾವು ಮೊದಲು ತಿಳಿದೆವು. ಬೆರಳಿಗೆ ಹಚ್ಚಿ ನಾಲಗೆಗಿಟ್ಟು ನೋಡಿದಾಗ ಉಪ್ಪು. ಕಡಲ ಕೆಸರಿನೊಳಗಿದ್ದ ಉಪ್ಪು ನೀರಿನೊಡನೆ ಹೊರಗೆ ಬಂದು, ನೀರು ಆರಿದ ಮೇಲೆ ಅಲ್ಲಿಯೇ ಉಳಿದಿತ್ತು. ಕಾರಣವನ್ನು ವಿಜ್ಞಾನದ ಪಾಠದಂತೆ ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದಾಗ ಅಫಜಲಪುರದ ಹುಡುಗ ಎದ್ದು ನಿಂತು, "ಕರೀ ಎತ್ತ ಎಲ್ಲಾ ಬಿಳೀವು ಆದುವ್ರೀ ಸರ. ಈ ಸಲ ಹಿಂಗಾರಿ ಚಲೋ ಬರ್ತದ" ಎಂದನು. ತರಗತಿ ನಕ್ಕಿತು. ನಾವು 2003ನೆಯ ಇಸವಿಯ ಮಾತನ್ನು ಅವನಿಗೆ ಹೇಳಲಿಲ್ಲ.

ಹದಿನೇಳರಲ್ಲಿ ಈಗ ಒಂಬತ್ತು ಉಳಿದಿವೆ. ಪ್ರತಿ ಮಳೆಗಾಲಕ್ಕೂ ಬೆವರುತ್ತವೆ, ಪ್ರತಿ ಚಳಿಗಾಲಕ್ಕೂ ಬೆಳ್ಳಗಾಗುತ್ತವೆ. ಕಪಾಟಿನ ಬಾಗಿಲನ್ನು ತೆರೆದಾಗಲೆಲ್ಲ ಒಂದಿಷ್ಟು ಉಪ್ಪು ಕೆಳಗಿರುವ ಹಾಜರಿ ಪುಸ್ತಕದ ಮೇಲೆ ಉದುರುವುದು. ಅದನ್ನು ಒರೆಸಿ ಹೆಸರು ಕೂಗುತ್ತೇವೆ.